ಎಡಕ್ಕೆ, ಕೆಳಕ್ಕೆ: ಒಂದು ಹಳೇ ಏರ್ ಪಿಸ್ತೂಲಿನ ಪ್ರಕರಣ

"ಬಿಡು ಮಾಮ, ನನ್ನ ಕೈಯೇ ಸರಿ ಇಲ್ಲ" ಅಂತ ಅಕ್ಕನ ಮಗಳು ಪಿಸ್ತೂಲಿನ ಡಬ್ಬಿ ಮುಚ್ಚಿ ಮಂಚದ ಕೆಳಗೆ ತಳ್ಳಿದ ದಿನ ನಾನು ಅವರ ಮನೆಯಲ್ಲೇ ಇದ್ದೆ. ತಟ್ಟೆ ಇಡ್ಲಿ ತಿನ್ನುತ್ತಿದ್ದೆ. ಸುಮ್ನೆ ಇದ್ದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ಬಾಯಿ ಹಾಕಿದೆ. ಆಮೇಲೆ ಏಳು ಭಾನುವಾರ ಹೋಯಿತು.

ನಾನು ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಶಾಪಲ್ಲಿ ಟೂಲ್‌ರೂಮ್ ಕೆಲಸ ಮಾಡುವವನು. ಜಿಗ್ಗು, ಫಿಕ್ಸ್ಚರ್ರು, ಡೈ ರಿಪೇರಿ, ಇದೇ ನನ್ನ ಹೊಟ್ಟೆಪಾಡು. ಶೂಟಿಂಗ್ ಬಗ್ಗೆ ನನಗೆ ಗೊತ್ತಿದ್ದದ್ದು ಟೀವಿಯಲ್ಲಿ ನೋಡಿದಷ್ಟೇ. 2008ರಲ್ಲಿ ಅಭಿನವ್ ಬಿಂದ್ರಾ ಚಿನ್ನ ಹೊಡೆದದ್ದು, 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಎರಡು ಕಂಚು ತಂದದ್ದು. ಹಾಗಾಗಿ ಇದನ್ನ ಶೂಟಿಂಗ್ ಪಾಠ ಅಂತ ಓದಬೇಡಿ. ಒಂದು ಯಂತ್ರದಲ್ಲಿ ಫ್ಯಾಕ್ಟರಿಯಲ್ಲೇ ಆದ ತಪ್ಪನ್ನ ಹೇಗೆ ಹುಡುಕಿದೆವು, ಹೇಗೆ ಸರಿ ಮಾಡಿದೆವು, ನಡುವೆ ನಾನು ಎಲ್ಲಿ ಎಡವಿದೆ, ಅಷ್ಟೇ ಇಲ್ಲಿರೋದು.

ಹುಡುಗಿ ಎರಡನೇ ಪಿಯುಸಿ. 10 ಮೀಟರ್ ಏರ್ ಪಿಸ್ತೂಲ್ ಶುರು ಮಾಡಿ ಎರಡು ವರ್ಷ. ಅಕ್ಕ ಚೀಟಿ ಎತ್ತಿ, ಬೆಂಗಳೂರಿನ ಒಬ್ಬರ ಹತ್ತಿರ ಸೆಕೆಂಡ್ ಹ್ಯಾಂಡ್ ಪಿಸ್ತೂಲ್ ಕೊಡಿಸಿದ್ದಳು. ಹಳೇ ಮಾದರಿ. ಈಗಿನವರ ಹಾಗೆ ಗಾಳಿ ತುಂಬಿದ ಸಿಲಿಂಡರ್ ಇಲ್ಲ. ಲಿವರ್ ಒಂದು ಸಲ ಎಳೆದು ಮುಚ್ಚಿದರೆ ಒಳಗೆ ಗಾಳಿ ಒತ್ತಿಕೊಳ್ಳುತ್ತೆ, ಒಂದು ಗುಂಡು, ಮತ್ತೆ ಲಿವರ್. ಗಟ್ಟಿ ಸಾಮಾನು, ತೂಕ ಹದವಾಗಿದೆ, ಹಿಡಿ ಕೂಡ ಚೆಂದ. ಕಂಪನಿ ಹೆಸರು ಬೇಡ. ಸಾವಿರಾರು ಪೀಸಿನಲ್ಲಿ ಒಂದು ಹೀಗೆ ಬಂದಿರಬಹುದು, ಅದಕ್ಕೆ ಅವರ ಮರ್ಯಾದೆ ಯಾಕೆ ತೆಗೆಯೋದು.

ಒಂದು ವಿಷಯ ಆಗಲೇ ನನ್ನ ಕಣ್ಣಿಗೆ ಬೀಳಬೇಕಿತ್ತು. ಮ್ಯಾಚ್ ಪಿಸ್ತೂಲುಗಳ ಜೊತೆ ಸಾಮಾನ್ಯವಾಗಿ ಫ್ಯಾಕ್ಟರಿಯ ಟೆಸ್ಟ್ ಟಾರ್ಗೆಟ್ ಒಂದು ಬರುತ್ತೆ. ಪಿಸ್ತೂಲನ್ನ ಬಿಗಿದು ಹೊಡೆದ ಐದು ಗುಂಡು, ಒಂದೇ ತೂತಿನ ಹಾಗೆ ಕಾಣುವ ಸಣ್ಣ ಚೀಟಿ. ಈ ಡಬ್ಬಿಯಲ್ಲಿ ಅದು ಇರಲಿಲ್ಲ. ಕಳೆದಿರಬೇಕು ಅಂದುಕೊಂಡೆವು.

ತೊಂದರೆ ಏನು

ಗುಂಡು ಎಡಕ್ಕೆ, ಕೆಳಕ್ಕೆ ಹೋಗುತ್ತಿತ್ತು. ಎಲ್ಲವೂ ಅಲ್ಲ. ಮೂರು ಚೆನ್ನಾಗಿ ಮಧ್ಯಕ್ಕೆ, ನಾಲ್ಕನೆಯದು ಗಡಿಯಾರದಲ್ಲಿ ಎಂಟು ಗಂಟೆ ಇರುವ ಕಡೆಗೆ. ಮತ್ತೆ ಎರಡು ಸರಿ, ಮತ್ತೊಂದು ಅಲ್ಲಿಗೇ.

ಬಲಗೈಯಲ್ಲಿ ಹೊಡೆಯುವವರ ಗುಂಡು ಎಡಕ್ಕೆ ಕೆಳಕ್ಕೆ ಹೋದರೆ ಯಾವ ಕೋಚ್ ಆದರೂ ಒಂದೇ ಮಾತು ಹೇಳುತ್ತಾರೆ, ಟ್ರಿಗರ್ ಜಗ್ಗುತ್ತಿದ್ದೀಯ ಅಂತ. ಬೆರಳು ಮೆಲ್ಲಗೆ ಒತ್ತುವ ಬದಲು ಇಡೀ ಅಂಗೈ ಬಿಗಿಯಾಗುತ್ತೆ, ಮೂತಿ ಕೆಳಗಿಳಿಯುತ್ತೆ. ಅದು ಪುಸ್ತಕದಲ್ಲಿರುವ ಕಾಯಿಲೆ. ಅವಳ ಕೋಚ್ ಹೇಳಿದ್ದೂ ಅದನ್ನೇ, ಅವರದ್ದು ತಪ್ಪು ಅಂತ ನಾನು ಹೇಳಲ್ಲ. ಈ ಪ್ರಕರಣದ ಗೋಜಲು ಇರೋದೇ ಇಲ್ಲಿ. ಕಬ್ಬಿಣದ ತಪ್ಪು ಕೈ ತಪ್ಪಿನ ವೇಷ ಹಾಕಿಕೊಂಡು ಬಂದಿತ್ತು. ಎಂಟು ತಿಂಗಳು ಆ ಹುಡುಗಿ ಗೋಡೆ ನೋಡಿಕೊಂಡು ಗುಂಡಿಲ್ಲದೆ ಟ್ರಿಗರ್ ಒತ್ತುವ ಅಭ್ಯಾಸ ಮಾಡಿದಳು. ದಿನಾ ಅರ್ಧ ಗಂಟೆ. ಏನೂ ಬದಲಾಗಲಿಲ್ಲ.

ಅಳತೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡ್ತೀನಿ. ಈ ಆಟದ ಟಾರ್ಗೆಟ್‌ನಲ್ಲಿ 10ರ ವೃತ್ತ 11.5 ಮಿಮೀ ಅಗಲ. ಅದರ ಹೊರಗೆ ಒಂದೊಂದು ವೃತ್ತವೂ 16 ಮಿಮೀ ದೊಡ್ಡದು, ಅಂದರೆ 9ರದ್ದು 27.5 ಮಿಮೀ. ಗುಂಡು 4.5 ಮಿಮೀ, ವೃತ್ತದ ಗೆರೆ ಮುಟ್ಟಿದರೂ ಆ ಅಂಕ ಸಿಗುತ್ತೆ. ಲೆಕ್ಕ ಹಾಕಿದರೆ ಗುಂಡಿನ ನಡುಭಾಗ ಮಧ್ಯದಿಂದ 8 ಮಿಮೀ ಒಳಗೆ ಬೀಳಬೇಕು, ಆಗ 10. ಈ 8 ಮಿಮೀ ನೆನಪಿಟ್ಟುಕೊಳ್ಳಿ.

ಕೈಯೋ, ಪಿಸ್ತೂಲೋ

ನಾನು ಮೊದಲು ಕೇಳಿದ ಪ್ರಶ್ನೆ ಟೂಲ್‌ರೂಮ್‌ನಲ್ಲಿ ಯಾರಾದರೂ ಕೇಳುವಂಥದ್ದೇ. ಬೇರೆ ಪಿಸ್ತೂಲಿನಲ್ಲಿ ಹೊಡೆದು ನೋಡಿದ್ದೀಯಾ? ಇಲ್ಲ ಅಂದಳು. ಅವಳ ಹಿಡಿ ಅವಳ ಕೈ ಅಳತೆಗೆ ಕೆತ್ತಿದ್ದು, ಬೇರೆಯವರದ್ದು ಹಿಡಿದರೆ ಒಗ್ಗಲ್ಲ, ಅದಕ್ಕೆ ಯಾರೂ ಯೋಚನೆ ಮಾಡಿರಲಿಲ್ಲ. ಹಾಳಾಗಿ ಹೋಗಲಿ, ಒಗ್ಗದಿದ್ದರೂ ಹೊಡಿ ಅಂದೆ. ಜೊತೆಯ ಹುಡುಗಿಯೊಬ್ಬಳ ಪಿಸ್ತೂಲ್ ತಗೊಂಡು 20 ಗುಂಡು ಹೊಡೆದಳು. ತೂತುಗಳ ಗುಂಪು ದೊಡ್ಡದಾಗಿತ್ತು, ಆದರೆ ದುಂಡಗಿತ್ತು. ಎಂಟು ಗಂಟೆ ಕಡೆಗೆ ಬಾಲ ಇರಲಿಲ್ಲ.

ಅಲ್ಲಿಗೆ ನನಗೆ ಹುಳ ಹೊಕ್ಕಿತು.

ಮುಂದಿನ ಭಾನುವಾರ ಶಾಪ್ ರಜೆ. ಮಾಲೀಕರನ್ನ ಕೇಳಿ ಬೀಗದಕೈ ತಗೊಂಡೆ. ನಮ್ಮ ಶೆಡ್ಡು 36 ಅಡಿ ಉದ್ದ, 10 ಮೀಟರಿಗೆ ಸರಿಯಾಗಿ ಸಾಕು. ಶಟರ್ ಎಳೆದು, ಹಿಂದಿನ ಗೋಡೆಗೆ ಗುಂಡು ಹಿಡಿಯುವ ಅವಳ ಕಬ್ಬಿಣದ ಡಬ್ಬಿ ಇಟ್ಟು, ಅದರ ಹಿಂದೆ ಹಳೇ ಪೇಪರಿನ ಕಟ್ಟು ಪೇರಿಸಿದೆವು. ಇಬ್ಬರಿಗೂ ಕನ್ನಡಕ. ಏರ್ ಪಿಸ್ತೂಲ್ ಅಂತ ಹಗುರವಾಗಿ ನೋಡಬೇಡಿ, ಸೀಸ ಕಬ್ಬಿಣಕ್ಕೆ ಬಡಿದು ವಾಪಸ್ ಹಾರಿದರೆ ಕಣ್ಣು ಹೋಗುತ್ತೆ.

ಸಾಮಾನು ಕಚ್ಚಿ ಹಿಡಿಯುವ ವೈಸಿಗೆ ಬಿಗಿದು ಹೊಡೆದೆ. ಇಲ್ಲೇ ನನ್ನ ಮೊದಲ ತಪ್ಪು. ಬ್ಯಾರಲ್ ಗಟ್ಟಿಯಾಗಿದೆ ಅಂತ ಬ್ಯಾರಲನ್ನೇ ವೈಸಲ್ಲಿ ಹಿಡಿದೆ. ಗುಂಡು ಎಲ್ಲೆಲ್ಲೋ ಹೋಯಿತು, ಪಿಸ್ತೂಲೇ ಕೆಟ್ಟಿದೆ ಅಂತ ಅರ್ಧ ಗಂಟೆ ಬೀಗಿದೆ ಕೂಡ. ಆಮೇಲೆ ಹೊಳೆಯಿತು, ವೈಸಿನ ಬಿಗಿಗೆ ಬ್ಯಾರಲ್ ಸ್ವಲ್ಪ ಮಣಿಯುತ್ತೆ, ಪ್ರತಿ ಸಲ ಲಿವರ್ ಎಳೆದಾಗ ಆ ಮಣಿತ ಬದಲಾಗುತ್ತೆ. ಎರಡು ಬೇವಿನ ಮರದ ತುಂಡಿಗೆ ಚರ್ಮ ಅಂಟಿಸಿ ಫ್ರೇಮ್, ಅಂದರೆ ಪಿಸ್ತೂಲಿನ ಒಡಲು, ಹಿಡಿದುಕೊಂಡ ಮೇಲೆ ದಾರಿಗೆ ಬಂತು.

ಐದೈದು ಗುಂಡಿನ ನಾಲ್ಕು ಗುಂಪು. ತೀರಾ ದೂರದ ಎರಡು ತೂತಿನ ಮಧ್ಯದಿಂದ ಮಧ್ಯಕ್ಕೆ ಅಳೆದರೆ 19, 16, 21, 17 ಮಿಮೀ. ಯಾರ ಕೈಯೂ ಇಲ್ಲ, ಯಾರ ಉಸಿರೂ ಇಲ್ಲ. ವೈಸೇ ಹೊಡೆದರೂ 8 ಮಿಮೀ ಒಳಗೆ ಎಲ್ಲಾ ಬೀಳಲ್ಲ. ಅಂದರೆ ದೇವರೇ ಬಂದು ಹಿಡಿದರೂ ಈ ಪಿಸ್ತೂಲಲ್ಲಿ ಅಲ್ಲೊಂದು ಇಲ್ಲೊಂದು 9 ಖಾಯಂ. ಮತ್ತೆ ಆ ಬಾಲ ಹಾಗೇ ಇತ್ತು, ಎಂಟು ಗಂಟೆ ಕಡೆಗೆ ಗೆರೆ ಎಳೆದ ಹಾಗೆ.

ಇನ್ನೊಂದು ಅನುಮಾನ ತೀರಿಸಿಕೊಂಡೆ. ಪಿಸ್ತೂಲನ್ನ ತಲೆಕೆಳಗಾಗಿ ಬಿಗಿದು ಹೊಡೆದೆ. ಬಾಲ ಎರಡು ಗಂಟೆ ಕಡೆಗೆ ತಿರುಗಿತು. ತಪ್ಪು ಪಿಸ್ತೂಲಿನ ಜೊತೆ ತಿರುಗುತ್ತಿದೆ ಅಂದರೆ ಅದು ಪಿಸ್ತೂಲಿನೊಳಗೇ ಇದೆ ಅಲ್ವಾ. ಹುಡುಗಿ ಆ ಪೇಪರ್ ಹಿಡಿದುಕೊಂಡು ತುಂಬಾ ಹೊತ್ತು ಮಾತಾಡಲಿಲ್ಲ.

ಎಲ್ಲಿದೆ ತಪ್ಪು

ಗಾಳಿ ಸೋರುತ್ತಿರಬಹುದು ಅಂತ ಮೊದಲ ಅನುಮಾನ. ಹಳೇ ಪಿಸ್ತೂಲು, ಸೀಲು ಒಣಗಿರುತ್ತೆ. ವೇಗ ಅಳೆಯುವ ಕ್ರೋನೋಗ್ರಾಫ್ ಒಂದನ್ನ ಅವಳ ಕೋಚ್ ಎರವಲು ಕೊಟ್ಟರು. 20 ಗುಂಡಿಗೆ ಸೆಕೆಂಡಿಗೆ 137ರಿಂದ 141 ಮೀಟರ್. ಆ ನಾಲ್ಕು ಮೀಟರ್ ವ್ಯತ್ಯಾಸಕ್ಕೆ 10 ಮೀಟರ್ ದೂರದಲ್ಲಿ ಮೇಲೆ ಕೆಳಗೆ ಒಂದೂವರೆ ಮಿಮೀ ಏರುಪೇರಾಗಬಹುದು, ಅಷ್ಟೇ. ಎಡಕ್ಕಂತೂ ಹೋಗಲ್ಲ. ಸೀಲು ಗಟ್ಟಿ. ಗುರಿ ನೋಡುವ ಸೈಟಿನ ಸ್ಕ್ರೂ, ಬ್ಯಾರಲ್ ಹಿಡಿದ ಸ್ಕ್ರೂ ಎಲ್ಲಾ ಬಿಗಿಯೇ ಇತ್ತು. ಬ್ಯಾರಲ್ ಒಳಗೆ ಸೀಸ ಕಟ್ಟಿದೆಯೇನೋ ಅಂತ ಒರೆಸುವ ಫೆಲ್ಟ್ ತುಂಡು ಎಳೆದೆವು, ಬೂದಿ ಬಣ್ಣ ಸ್ವಲ್ಪ ಬಂತು, ಅಂಥದ್ದೇನಿಲ್ಲ.

ಸಿಕ್ಕಿದ್ದು ಒಂದು ಕಿವಿ ಬಡ್‌ನಿಂದ.

ಮೂತಿಯಲ್ಲಿ ಗ್ರೀಸ್ ಒರೆಸೋಣ ಅಂತ ಅವಳು ಕಿವಿಗೆ ಹಾಕುವ ಹತ್ತಿ ಕಡ್ಡಿ ತೂರಿಸಿ ತಿರುಗಿಸಿ ಎಳೆದಳು. ಮೂತಿಯ ಅಂಚಲ್ಲಿ ಒಂದೇ ಜಾಗದಲ್ಲಿ ಹತ್ತಿ ಎಳೆ ಸಿಕ್ಕಿಕೊಂಡು ಉಳಿಯಿತು. ಒರೆಸಿ ಮತ್ತೆ ಮಾಡಿದಳು. ಮತ್ತೆ ಅದೇ ಜಾಗ. ಅಂಚು ನಯವಾಗಿದ್ದರೆ ಹತ್ತಿ ಸಿಕ್ಕಿಕೊಳ್ಳೋದೇ ಇಲ್ಲ.

ಆಮೇಲೆ ಒಂದು ಪೆಲೆಟ್ಟನ್ನ, ಅಂದರೆ ಸೀಸದ ಗುಂಡನ್ನ, ಹಿಂದಿನಿಂದ ಹಿತ್ತಾಳೆ ಕಡ್ಡಿಯಲ್ಲಿ ಮೆಲ್ಲಗೆ ತಳ್ಳಿದೆ. ಬ್ಯಾರಲ್ ಉದ್ದಕ್ಕೂ ಬೆಣ್ಣೆ ಹಾಗೆ ಜಾರಿತು, ಕೊನೆಗೆ ಮೂತಿ ದಾಟುವಾಗ ಕೈಗೆ ಕರ್ ಅಂತ ಗೊತ್ತಾಯಿತು. ಹೊರಬಂದ ಪೆಲೆಟ್ ಹಿಂಭಾಗದ ತೆಳು ಸೀಸದ ಲಂಗದ ಮೇಲೆ ಒಂದು ಹೊಸ ಗೀರು.

ಇಷ್ಟು ಸಣ್ಣದ್ದಕ್ಕೆ ನನ್ನ ಕಣ್ಣು ಸಾಲದು. ನಮ್ಮ ಬೀದಿಯಲ್ಲಿ ಒಬ್ಬರು ಹಿರಿಯರಿದ್ದಾರೆ, ತುಮಕೂರಿನ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡಿದವರು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನ ಆಯಿತು, ಇಲ್ಲಿನ ಆ ಜಾಗ ಈಗ ಇಸ್ರೋ ಪಾಲಾಗಿದೆ, ಆದರೆ ಆ ಫ್ಯಾಕ್ಟರಿಯ ಕಣ್ಣುಗಳು ಊರಲ್ಲಿ ಇನ್ನೂ ಉಳಿದಿವೆ. ಕೂದಲಿಗಿಂತ ಸಣ್ಣ ಪಿವಟ್ ನೋಡಿ ನೋಡಿ ಪಳಗಿದ ಕಣ್ಣು. ಬ್ಯಾರಲ್ ಬಿಚ್ಚಿಕೊಂಡು ಹೋದೆ. ಅವರು ಕಣ್ಣಿಗೆ ಐಗ್ಲಾಸ್ ಸಿಕ್ಕಿಸಿ, ಕಿಟಕಿ ಹತ್ತಿರ ಕೂತು, ಬ್ಯಾರಲನ್ನ ಬೆರಳಲ್ಲಿ ಒಂದು ಸುತ್ತು ತಿರುಗಿಸಿದರು.

"ಇದರ ಚಾಂಫರ್ ವಾರೆ ಇದೆಯಲ್ಲಪ್ಪ" ಅಂದರು. "ಬರ್ರೂ ಇದೆ. ಆದರೆ ಬರ್ರು ನಿನ್ನ ಕಾಯಿಲೆ ಅಲ್ಲ."

ಚಾಂಫರ್ ಅಂದರೆ ತೂತಿನ ಬಾಯಿಯ ಅಂಚನ್ನ ಕತ್ತರಿಸಿ ಮಾಡಿದ ಇಳಿಜಾರು. ಬರ್ ಅಂದರೆ ಲೋಹ ಕತ್ತರಿಸಿದ ಕಡೆ ಉಳಿಯುವ ಮುಳ್ಳು, ಕೆಲಸದವರಿಗೆ ಗೊತ್ತು. ಬರ್ ಇರೋದು ನನಗೂ ಅನುಮಾನ ಇತ್ತು. ಆದರೆ ಅವರು ಹೇಳಿದ ಎರಡನೇ ಮಾತು ಆಗ ನನ್ನ ತಲೆಗೆ ಹೋಗಲಿಲ್ಲ. ಗೆರೆ ಹಾಕಿದ ಗಾಜಿನಲ್ಲಿ ಚಾಂಫರ್ ಅಗಲ ಅಳೆದು ತೋರಿಸಿದರು. ಒಂದು ಕಡೆ 0.6 ಮಿಮೀ, ಅದರ ಎದುರು ಕಡೆ 0.25. ನಾನು ಹ್ಞೂಂ ಅಂದು ಬರೆದುಕೊಂಡೆ, ಬರ್ ತೆಗೆದರೆ ಸರಿ ಹೋಗುತ್ತೆ ಅಂದುಕೊಂಡು ಮನೆಗೆ ಬಂದೆ.

ಅರ್ಧ ರಿಪೇರಿ

ಮೂತಿಯ ಅಂಚು ನಯ ಮಾಡೋಕೆ ಒಂದು ಹಳೇ ಉಪಾಯ ಇದೆ. ದುಂಡು ತಲೆಯ ಹಿತ್ತಾಳೆ ಸ್ಕ್ರೂ ತಗೊಂಡು, ತಲೆಗೆ ಲೋಹ ಸವೆಸುವ ಸಣ್ಣ ಹರಳಿನ ಲ್ಯಾಪಿಂಗ್ ಪೇಸ್ಟ್ ಹಚ್ಚಿ, ಅದನ್ನ ಹ್ಯಾಂಡ್ ಡ್ರಿಲ್‌ಗೆ ಸಿಕ್ಕಿಸಿ, ಮೂತಿ ಮೇಲಿಟ್ಟು ನಿಧಾನವಾಗಿ ತಿರುಗಿಸುತ್ತಾ ಡ್ರಿಲ್ಲನ್ನ ಎಂಟರ ಆಕಾರದಲ್ಲಿ ಓಲಾಡಿಸೋದು. ದುಂಡು ತಲೆ ತೂತಿನ ಮೇಲೆ ತಾನೇ ಸೆಂಟರ್ ಹುಡುಕಿಕೊಳ್ಳುತ್ತೆ. ಹಿತ್ತಾಳೆ ಮೆತ್ತಗಿರೋದರಿಂದ ಪೇಸ್ಟಿನ ಹರಳು ಅದರಲ್ಲಿ ಕೂತು ಉಕ್ಕನ್ನ ಸವೆಸುತ್ತೆ. ಬ್ಯಾರಲೊಳಗೆ ಪೇಸ್ಟ್ ಇಳಿಯದ ಹಾಗೆ ಹತ್ತಿಗೆ ಗ್ರೀಸ್ ಹಚ್ಚಿ ತುರುಕಿದೆ.

ಹತ್ತು ನಿಮಿಷ. ಹತ್ತಿ ಕಡ್ಡಿ ಈಗ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಜೋಡಿಸಿ ಹೊಡೆದರೆ ಗುಂಪು 11, 12, 10 ಮಿಮೀ. ಅರ್ಧದಷ್ಟು ಇಳಿಯಿತು, ಹುಡುಗಿ ಕುಣಿದಳು, ಅಕ್ಕ ಪಾಯಸ ಮಾಡಿದಳು. ಪಾಯಸ ತಿಂದೆ, ಆದರೆ ಪೇಪರ್ ನೋಡಿದಾಗೆಲ್ಲ ಕಿರಿಕಿರಿ. ಬಾಲ ಚಿಕ್ಕದಾಗಿತ್ತು, ಹೋಗಿರಲಿಲ್ಲ. ಇನ್ನೂ ಎಂಟು ಗಂಟೆ ಕಡೆಗೇ.

ಆ ರಾತ್ರಿ ಹಾಳೆ ಮೇಲೆ ಚಿತ್ರ ಬರೆದು ನೋಡಿದಾಗ ಹಿರಿಯರ ಮಾತು ಅರ್ಥವಾಯಿತು. ಚಾಂಫರ್ 45 ಡಿಗ್ರಿ. ಒಂದು ಕಡೆ 0.35 ಮಿಮೀ ಜಾಸ್ತಿ ಅಗಲ ಇದೆ ಅಂದರೆ ಆ ಕಡೆ ಅಂಚು 0.35 ಮಿಮೀ ಆಳಕ್ಕೂ ಇಳಿದಿದೆ. ಅಂದರೆ ಗುಂಡು ಹೊರಗೆ ಬರುವ ಬಾಗಿಲೇ ಓರೆ. ಓರೆ ಬಾಗಿಲ ಮೇಲೆ ನನ್ನ ಹಿತ್ತಾಳೆ ತಲೆಯೂ ಓರೆಯಾಗೇ ಕೂತು, ಆ ಓರೆಯನ್ನ ಚೆನ್ನಾಗಿ ಪಾಲಿಶ್ ಮಾಡಿಕೊಟ್ಟಿತ್ತು. ಭಲೇ.

ಯಾಕೆ ಮುಖ್ಯ ಅಂದರೆ, ಪೆಲೆಟ್ ಹೊರಬರುವಾಗ ಕೊನೆಗೆ ಬ್ಯಾರಲ್ ಬಿಡೋದು ಅದರ ಲಂಗ. ಅಂಚು ಸಮ ಇದ್ದರೆ ಹಿಂದಿನ ಗಾಳಿ ಸುತ್ತಲೂ ಒಂದೇ ಸಲ ಬಿಡುಗಡೆ ಆಗುತ್ತೆ. ಅಂಚು ಓರೆ ಇದ್ದರೆ ಒಂದು ಕಡೆಯಿಂದ ಮೊದಲು ನುಗ್ಗುತ್ತೆ, ಲಂಗಕ್ಕೆ ಪಕ್ಕದಿಂದ ತಳ್ಳು ಬೀಳುತ್ತೆ. ಅರ್ಧ ಗ್ರಾಂ ತೂಕದ ಸೀಸಕ್ಕೆ ಅಷ್ಟು ಸಾಕು. ತಳ್ಳುವ ದಿಕ್ಕು ಯಾವಾಗಲೂ ಒಂದೇ, ಅದಕ್ಕೇ ಬಾಲ ಒಂದೇ ಕಡೆ. ತಳ್ಳುವ ಜೋರು ಮಾತ್ರ ಬದಲಾಗುತ್ತೆ. ಒಂದೇ ಡಬ್ಬಿಯ ಪೆಲೆಟ್ಟುಗಳಲ್ಲೂ ಲಂಗದ ಅಗಲ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇರುತ್ತೆ, ಜೊತೆಗೆ ಮೊದಲು ಆ ಬರ್ರಿನ ಹಿಂದೆ ಸೀಸ ಕಟ್ಟಿಕೊಳ್ಳುತ್ತಿತ್ತು, ಕಟ್ಟಿ ಕಟ್ಟಿ ಒಂದು ಗುಂಡಿನ ಜೊತೆ ಕಿತ್ತು ಹೋಗುತ್ತಿತ್ತು. ಮೂರು ಸರಿ, ನಾಲ್ಕನೆಯದು ಎಂಟು ಗಂಟೆಗೆ ಅನ್ನೋದಕ್ಕೆ ನಾನು ಕೊಡುವ ಕಾರಣ ಇದು.

ಫ್ಯಾಕ್ಟರಿಯಲ್ಲಿ ಏನಾಗಿತ್ತು

ಈಗ ನನ್ನ ಕಸುಬಿನ ಮಾತು. ಬ್ಯಾರಲನ್ನ ವಿ ಆಕಾರದ ತೋಡು ಇರುವ ವಿ-ಬ್ಲಾಕ್ ಮೇಲಿಟ್ಟು, ಮೂತಿಯ ತೂತಿಗೆ ಹಿತ್ತಾಳೆ ಪಿನ್ ಒಂದನ್ನ ಸರಿಯಾಗಿ ಕೂರುವ ಹಾಗೆ ಕಡೆದು ತೂರಿಸಿ, ಪಿನ್ ಮೇಲೆ ಸಣ್ಣ ಏರುಪೇರು ಅಳೆಯುವ ಡಯಲ್ ಇಟ್ಟು ಬ್ಯಾರಲ್ ತಿರುಗಿಸಿದೆ. ಡಯಲ್ ಒಟ್ಟು 0.35 ಮಿಮೀ ಆಡಿತು. ಅದರ ಅರ್ಧ, 0.17 ಮಿಮೀಯಷ್ಟು, ತೂತಿನ ಸೆಂಟರ್ ಹೊರಮೈ ಸೆಂಟರಿಂದ ಸರಿದಿದೆ. ಚಾಂಫರ್ ಅಗಲದ ವ್ಯತ್ಯಾಸವೂ 0.35. ಎರಡೂ ಲೆಕ್ಕ ಕೂಡಿಕೊಂಡಾಗ ಒಬ್ಬನೇ ಕೂತು ನಕ್ಕೆ.

ನಡೆದದ್ದು ಹೀಗಿರಬೇಕು. ಉದ್ದನೆಯ ಸಣ್ಣ ತೂತು ಕೊರೆಯುವಾಗ ಡ್ರಿಲ್ ಸ್ವಲ್ಪ ಅಲೆಯುತ್ತೆ, ಅದು ಎಲ್ಲಾ ಕಡೆ ಇರೋದೇ, ಅದರಿಂದ ಗುಂಡಿಗೆ ಏನೂ ಆಗಲ್ಲ. ಒಳ್ಳೆ ಕೆಲಸಗಾರ ಆಮೇಲೆ ತೂತನ್ನೇ ಆಧಾರ ಮಾಡಿಕೊಂಡು ಹೊರಮೈ ಕಡೆಯುತ್ತಾನೆ, ಇಲ್ಲದಿದ್ದರೆ ಮೂತಿ ಕತ್ತರಿಸುವಾಗಲಾದರೂ ತೂತಿಗೆ ಸೆಂಟರ್ ಹಿಡಿಯುತ್ತಾನೆ. ಇಲ್ಲಿ ಬ್ಯಾರಲನ್ನ ಹೊರಮೈಯಿಂದ, ಲೇತಿನಲ್ಲಿ ಸಾಮಾನು ಕಚ್ಚಿ ತಿರುಗಿಸುವ ಚಕ್ಕಿಗೆ ಹಿಡಿದು, ನೇರ ಚಾಂಫರ್ ಹಾಕಿ, ಇಳಿಸಿ ಮುಂದಿನದ್ದು ಏರಿಸಿದ್ದಾರೆ. ಟೂಲೂ ಮೊಂಡಾಗಿತ್ತು, ಇಲ್ಲದಿದ್ದರೆ ಲೋಹ ಕತ್ತರಿಸಿಕೊಂಡು ಹೋಗುತ್ತಿತ್ತು, ಒಳಕ್ಕೆ ಮಡಚಿಕೊಳ್ಳುತ್ತಿರಲಿಲ್ಲ. ಯಾವುದನ್ನ ಹಿಡಿದು ಯಾವುದನ್ನ ಕತ್ತರಿಸುತ್ತೀಯ ಅನ್ನೋದು ಟೂಲ್‌ರೂಮ್‌ನಲ್ಲಿ ಮೊದಲ ವಾರ ಬೈಸಿಕೊಂಡು ಕಲಿಯುವ ಪಾಠ. ನಾನೂ ಬೈಸಿಕೊಂಡವನೇ.

ಇದನ್ನ ಶಾಪಲ್ಲಿ ಹೇಳಿದಾಗ ಒಬ್ಬ ಗೆಳೆಯ ಕೇಳಿದ, ನಿಜವಾದ ಪಿಸ್ತೂಲಲ್ಲೂ ಹೀಗೆ ಇರುತ್ತಾ ಅಂತ. ಇರುತ್ತೆ. ಜಾನ್ ಬ್ರೌನಿಂಗ್ ಮಾಡಿದ 1911 ಅನ್ನೋ ಸೆಮಿ ಆಟೋಮ್ಯಾಟಿಕ್ ಇದೆಯಲ್ಲ, ಅಮೆರಿಕದ ಸೈನ್ಯ ಆ ವರ್ಷ ತಗೊಂಡು 1985ರವರೆಗೆ ಮುಖ್ಯ ಪಿಸ್ತೂಲಾಗಿ ಇಟ್ಟುಕೊಂಡಿತ್ತು. ಅದರಲ್ಲಿ ಗುಂಡು ಮೇಲೇರುವ ಇಳಿಜಾರು ಎರಡು ತುಂಡು, ಸ್ವಲ್ಪ ಫ್ರೇಮ್‌ನಲ್ಲಿ, ಸ್ವಲ್ಪ ಬ್ಯಾರಲ್‌ನಲ್ಲಿ. ಎರಡರ ನಡುವೆ ಇಂಚಿನ ಮೂವತ್ತೆರಡನೇ ಒಂದು ಭಾಗ, ಸುಮಾರು 0.8 ಮಿಮೀ, ಬ್ಯಾರಲ್ ಅಂಚು ಮೂತಿ ಕಡೆಗೆ ಸರಿದಿರಬೇಕು. ಅದು ಬಿಟ್ಟು ಬ್ಯಾರಲ್ ಅಂಚು ಫ್ರೇಮಿನ ಇಳಿಜಾರಿನ ಮೇಲೆ ಹಿಂದಕ್ಕೆ ಚಾಚಿಕೊಂಡರೆ ಗುಂಡು ಅಲ್ಲೇ ಎಡವಿ ನಿಲ್ಲುತ್ತೆ. ಗೊತ್ತಿಲ್ಲದವರು ಇಳಿಜಾರಿಗೆ ಪಾಲಿಶ್ ಹೊಡೆದು ಹೊಡೆದು ಇನ್ನೂ ಕೆಡಿಸುತ್ತಾರೆ, ನನ್ನ ಹಿತ್ತಾಳೆ ಸ್ಕ್ರೂ ಕಥೆಯೇ. ಆದರೆ ಅದನ್ನ ಮುಟ್ಟುವ ಆಸೆ ನಮಗೆ ಬೇಡ. ನಮ್ಮಲ್ಲಿ 1959ರ ಶಸ್ತ್ರ ಕಾಯ್ದೆ ಪ್ರಕಾರ ಬಂದೂಕು ರಿಪೇರಿಗೇ ಬೇರೆ ಲೈಸೆನ್ಸ್ ಬೇಕು. 4.5 ಮಿಮೀ ತೂತಿನ, 20 ಜೂಲ್ ಒಳಗಿನ ಏರ್ ಪಿಸ್ತೂಲಿನ ಮಾತು ಬೇರೆ. ಇದು 5 ಜೂಲೂ ಮುಟ್ಟಲ್ಲ.

ಪೂರ್ತಿ ರಿಪೇರಿ

ಮೂತಿಯಿಂದ ಅರ್ಧ ಮಿಮೀ ಕತ್ತರಿಸಿ, ತೂತಿಗೆ ಸೆಂಟರ್ ಹಿಡಿದು ಹೊಸ ಅಂಚು ಮಾಡಬೇಕು. ಹೇಳೋಕೆ ಒಂದು ಸಾಲು. ಮೂರು ಭಾನುವಾರ ಹಿಡಿಯಿತು, ಅದರಲ್ಲಿ ಒಂದು ಕರೆಂಟ್ ಇಲ್ಲದೆ ಹೋಯಿತು.

ಮೊದಲು ಒಂದು ಹಳೇ ಪೈಪಿಗೆ ಇದೇ ಅಳತೆಯ ತೂತು ಕೊರೆದು ಅದರ ಮೇಲೆ ಪೂರ್ತಿ ಮಾಡಿ ನೋಡಿದೆ. ಆ ಹುಡುಗಿಗೆ ಇರೋದು ಒಂದೇ ಪಿಸ್ತೂಲು, ತೆಗೆದ ಲೋಹ ವಾಪಸ್ ಹಚ್ಚೋಕೆ ಆಗಲ್ಲ.

ನಾಲ್ಕು ದವಡೆಯ ಚಕ್ಕಿಗೆ ಬ್ಯಾರಲ್ ಹಿಡಿದೆ. ದವಡೆ ನೇರವಾಗಿ ಕಚ್ಚಿದರೆ ಬ್ಯಾರಲ್ ಕೋನ ಬದಲಾಯಿಸೋಕೆ ಬಿಡಲ್ಲ, ಅದಕ್ಕೆ ದವಡೆ ಕೆಳಗೆ ಬ್ಯಾರಲ್ ಸುತ್ತ ತಾಮ್ರದ ತಂತಿಯ ಒಂದು ಬಳೆ ಹಾಕಿದೆ. ಈಗ ಬ್ಯಾರಲ್ ಆ ಬಳೆ ಮೇಲೆ ಸ್ವಲ್ಪ ಓಲಾಡಬಹುದು. ಸ್ಪಿಂಡಲ್ ಹಿಂಭಾಗದಲ್ಲಿ ನಾಲ್ಕು ಸ್ಕ್ರೂ ಇರುವ ಒಂದು ರಿಂಗ್ ಕೂರಿಸಿ ಬ್ಯಾರಲ್ಲಿನ ಹಿಂತುದಿ ಹಿಡಿದೆ. ಮೂತಿಗೆ ಹಿತ್ತಾಳೆ ಪಿನ್. ಪಿನ್ ಹೊರಗೆ 30 ಮಿಮೀ ಚಾಚಿದೆ. ಡಯಲನ್ನ ಪಿನ್ ಬುಡದಲ್ಲಿ ಇಟ್ಟು ಮುಂದಿನ ದವಡೆ ಸರಿಪಡಿಸೋದು, ಪಿನ್ ತುದಿಯಲ್ಲಿ ಇಟ್ಟು ಹಿಂದಿನ ಸ್ಕ್ರೂ ಸರಿಪಡಿಸೋದು. ಒಂದು ಸರಿ ಮಾಡಿದರೆ ಇನ್ನೊಂದು ಕೆಡುತ್ತೆ. ಬುಡ, ತುದಿ, ಬುಡ, ತುದಿ. ಒಂದೂಮುಕ್ಕಾಲು ಗಂಟೆ ಆದ ಮೇಲೆ ಎರಡೂ ಕಡೆ ಡಯಲ್ ಮುಳ್ಳು 0.01 ಮಿಮೀ ಒಳಗೆ ನಿಂತಿತು. ಆಗ ಬ್ಯಾರಲ್ ಹೊರಮೈ ನೋಡಬೇಕಿತ್ತು, ಲೇತ್ ತಿರುಗಿದರೆ ಬಳುಕುತ್ತಿತ್ತು. ಹುಡುಗಿ ಗಾಬರಿಯಾಗಿ "ಮಾಮ, ವಂಕ ಹಿಡಿದಿದ್ದೀಯ" ಅಂದಳು. ಹೊರಮೈ ವಂಕ, ತೂತು ನೇರ. ಫ್ಯಾಕ್ಟರಿಯವನು ಇದರ ಉಲ್ಟಾ ಮಾಡಿದ್ದ.

ಕಲ್ಲಿಗೆ ಹೊಸದಾಗಿ ಉಜ್ಜಿದ ಹೈಸ್ಪೀಡ್ ಟೂಲ್. ಪಿನ್ ತೆಗೆದು, ತೂತಿಗೆ ಗ್ರೀಸ್ ಹತ್ತಿ ತುರುಕಿ, ಒಂದು ಸಲಕ್ಕೆ 0.05 ಮಿಮೀಯಂತೆ ಮುಖ ಕಡೆದೆ. ಒಂಬತ್ತು ಸಲ, 0.45 ಮಿಮೀ. ಆರನೇ ಸಲಕ್ಕೆ ಹಳೇ ಚಾಂಫರ್ ಸಣ್ಣ ಕಡೆಯಲ್ಲಿ ಮಾಯವಾಗಿ, ಅಗಲ ಕಡೆ ಮಾತ್ರ ಅಮಾವಾಸ್ಯೆ ಕಳೆದ ಚಂದ್ರನ ಹಾಗೆ ಉಳಿಯಿತು. ಆ ಗೆರೆ ನೋಡಿದ ಮೇಲೆ ಯಾರಿಗೂ ವಿವರಿಸಬೇಕಾಗಿರಲಿಲ್ಲ. ಅಕ್ಕನನ್ನೇ ಕರೆದು ತೋರಿಸಿದೆ. ಒಂಬತ್ತನೇ ಸಲಕ್ಕೂ ಅದರ ಸಣ್ಣ ಚೂರು ಉಳಿದಿತ್ತು, ಅದನ್ನ ಹೊಸ ಚಾಂಫರ್ ತಿಂದುಕೊಂಡಿತು. ಹೊಸದು ಸುತ್ತಲೂ 0.3 ಮಿಮೀ, 45 ಡಿಗ್ರಿ.

ಕೊನೆಗೆ ಅದೇ ಹಿತ್ತಾಳೆ ಸ್ಕ್ರೂ, ಅದೇ ಪೇಸ್ಟು, ಈ ಸಲ ಬೆರಳಲ್ಲೇ ಇಪ್ಪತ್ತು ಸುತ್ತು. ಈಗ ಅದು ಕೂರಬೇಕಾದ ಹಾಗೆ ಕೂತಿತು. ಸೀಮೆಎಣ್ಣೆಯಲ್ಲಿ ತೊಳೆದು, ಹಿಂದಿನಿಂದ ಮುಂದಕ್ಕೆ ಫೆಲ್ಟ್ ತಳ್ಳಿ, ಬೋಳಾದ ಉಕ್ಕಿಗೆ ಎಣ್ಣೆ ಸವರಿದೆ. ಹಿರಿಯರ ಹತ್ತಿರ ತಗೊಂಡು ಹೋದಾಗ ಐಗ್ಲಾಸ್ ಹಾಕಿ ಒಂದು ಸುತ್ತು ತಿರುಗಿಸಿ ವಾಪಸ್ ಕೊಟ್ಟರು. ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದರೆ ಪಾಸು ಅಂತ ಅರ್ಥ.

ಗುಂಪು 4, 5, 4 ಮಿಮೀ. ತೂತುಗಳು ಒಂದರೊಳಗೊಂದು. ಬಾಲ ಇಲ್ಲ.

ಮುಟ್ಟದೆ ಬಿಟ್ಟದ್ದು

ಟ್ರಿಗರ್ ಕೂಡ ಸ್ವಲ್ಪ ಗರಗರ ಅನ್ನುತ್ತೆ, ಅದನ್ನೂ ಉಜ್ಜಿಬಿಡು ಮಾಮ ಅಂದಳು. ಇಲ್ಲ ಅಂದೆ. ಟ್ರಿಗರ್ ಕೊಕ್ಕೆಯ ಮೇಲೆ ಗಡಸು ಪದರ ತೆಳ್ಳಗಿರುತ್ತೆ, ಕಲ್ಲಿಗೆ ಉಜ್ಜುತ್ತಾ ಹೋದರೆ ಒಳಗಿನ ಮೆತ್ತನೆ ಲೋಹ ಬಂದುಬಿಡುತ್ತೆ, ಕೋನ ಒಂಚೂರು ದುಂಡಾದರೆ ಮುಟ್ಟಿದರೂ ಹಾರುವ ಪಿಸ್ತೂಲಾಗುತ್ತೆ. ಮ್ಯಾಚ್‌ನಲ್ಲಿ ಟ್ರಿಗರ್ ಕನಿಷ್ಠ 500 ಗ್ರಾಂ ತಡೆಯಬೇಕು, ಮೂತಿ ಮೇಲೆ ಮಾಡಿ ತೂಕ ನೇತುಹಾಕಿ ನೋಡುತ್ತಾರೆ. ನೀರಿನ ಬಾಟಲಿಗೆ ಕೊಕ್ಕೆ ಕಟ್ಟಿ, ಪಕ್ಕದ ದಿನಸಿ ಅಂಗಡಿ ತಕ್ಕಡಿಯಲ್ಲಿ ಸರಿಯಾಗಿ 500 ಗ್ರಾಂ ಮಾಡಿಕೊಂಡು ಬಂದು ಪರೀಕ್ಷೆ ಮಾಡಿದೆವು. ತಡೆಯಿತು. ಸಾಕು, ಗರಗರ ಇರಲಿ.

ಲಿವರಿನ ಪಿನ್ ಮಾತ್ರ ಬಿಚ್ಚಿ ನೋಡಿದೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಪಿಸ್ತೂಲು ನಡು ಮ್ಯಾಚ್‌ನಲ್ಲಿ ಕೈಕೊಟ್ಟು, ನಿಮಿಷಗಳು ಹೋಗಿ, ಫೈನಲ್ ತಪ್ಪಿದ್ದು ನಮ್ಮ ಹುಡುಗಿಗೆ ಬಾಯಿಪಾಠ. ಪಿನ್ ಚೆನ್ನಾಗಿದೆ.

ಆಮೇಲೆ

ಪಿಸ್ತೂಲ್ ಸರಿಯಾದ ಮೊದಲ ವಾರ ಅವಳ ಗುಂಡೆಲ್ಲ ಬಲಕ್ಕೆ, ಮೇಲಕ್ಕೆ ಹೋಯಿತು. ನನಗೆ ಎದೆ ಧಸಕ್ ಅಂತು. ಮತ್ತೆ ವೈಸಿಗೆ ಬಿಗಿದು ಹೊಡೆದರೆ ಪಿಸ್ತೂಲ್ ಸರಿಯಾಗೇ ಇದೆ. ಕೋಚ್ ಎರಡು ನಿಮಿಷ ಅವಳ ಹಿಂದೆ ನಿಂತು ನೋಡಿ ಹೇಳಿದರು, ಎಂಟು ತಿಂಗಳಿಂದ ಎಡಕ್ಕೆ ಕೆಳಕ್ಕೆ ಹೋಗುವ ಗುಂಡನ್ನ ತಡೆಯೋಕೆ ಇವಳ ಮಣಿಕಟ್ಟು ಬಲಕ್ಕೆ ಮೇಲಕ್ಕೆ ನೂಕೋದು ಕಲಿತುಬಿಟ್ಟಿದೆ ಅಂತ. ಇಲ್ಲದ ತಪ್ಪಿಗೆ ಕಲಿತ ತಿದ್ದುಪಡಿ. ಅದನ್ನ ಲೇತಿಗೆ ಹಾಕಿ ತೆಗೆಯೋಕೆ ಬರಲ್ಲ.

60 ಗುಂಡಿನ ಅಭ್ಯಾಸದಲ್ಲಿ ಅವಳು 530ರ ಆಸುಪಾಸು ಹೊಡೆಯುತ್ತಿದ್ದಳು. ರಿಪೇರಿ ಆದ ಮೇಲೆ ಮೊದಲು 522ಕ್ಕೆ ಇಳಿಯಿತು. ಎರಡು ತಿಂಗಳಾಗಿದೆ, ಹೋದ ಶನಿವಾರ 547.

ಮಾರಿದವರಿಗೆ ಫೋನ್ ಮಾಡಿ ತಿಳಿಸಿದೆ, ದೂರೋಕಲ್ಲ, ಗೊತ್ತಿರಲಿ ಅಂತ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಅವರಿಗೂ ಎಡಕ್ಕೆ ಕೆಳಕ್ಕೇ ಹೋಗುತ್ತಿತ್ತಂತೆ, ಮೂರು ವರ್ಷ ಟ್ರಿಗರ್ ಅಭ್ಯಾಸ ಮಾಡಿ ಕೊನೆಗೆ ಆಟವನ್ನೇ ಬಿಟ್ಟರಂತೆ. ಟೆಸ್ಟ್ ಟಾರ್ಗೆಟ್ ಬಗ್ಗೆ ಕೇಳಿದೆ. ಹೊಸದು ತಗೊಂಡಾಗಲೂ ಡಬ್ಬಿಯಲ್ಲಿ ಇರಲಿಲ್ಲ ಅಂದರು.